ಸೇನೆಗೆ ಸ್ವಿಚ್ ಕೊಳ್ಳುವ ಬಗೆ

ಸೇನಾ ನೆಲೆಗಳಿಗೆ ಬೇಕಾದ ರೂಟರ್, ಸ್ವಿಚ್, ಫೈಬರ್ ಕೇಬಲ್‌ಗಳನ್ನು ಭಾರತ ಸರ್ಕಾರ ಎರಡು ದಾರಿಗಳಲ್ಲಿ ಕೊಳ್ಳುತ್ತದೆ. ಇಡೀ ಜಾಲವನ್ನು ಹೊಸದಾಗಿ ಕಟ್ಟುವುದಾದರೆ ಅದು ಬಂಡವಾಳ ವೆಚ್ಚ. ರಕ್ಷಣಾ ಸ್ವಾಧೀನ ಪ್ರಕ್ರಿಯೆಯ ನಿಯಮಗಳು ಅದಕ್ಕೆ ಅನ್ವಯಿಸುತ್ತವೆ. ಬಿಡಿಭಾಗ, ನಿರ್ವಹಣೆಯಂಥ ನಿತ್ಯದ ಖರೀದಿಗೆ ರಕ್ಷಣಾ ಖರೀದಿ ಕೈಪಿಡಿ ಇದೆ.

ದೊಡ್ಡ ಖರೀದಿಗೆ ಉದಾಹರಣೆ ಭೂಸೇನೆಯ ಆಸ್ಕಾನ್ ಎಂಬ ಸಂವಹನ ಜಾಲದ ನಾಲ್ಕನೇ ಹಂತ. 2020ರ ಅಕ್ಟೋಬರ್‌ನಲ್ಲಿ ರಕ್ಷಣಾ ಸಚಿವಾಲಯ ಸುಮಾರು 7,796 ಕೋಟಿ ರೂಪಾಯಿಯ ಈ ಕೆಲಸವನ್ನು ಬೆಂಗಳೂರಿನ ಸರ್ಕಾರಿ ದೂರಸಂಪರ್ಕ ಕಂಪನಿ ಐಟಿಐಗೆ ಒಪ್ಪಿಸಿತು. ಹಳೆಯ ಎಟಿಎಂ ತಂತ್ರಜ್ಞಾನದ ಜಾಲವನ್ನು (ಹಣ ಕೊಡುವ ಯಂತ್ರಕ್ಕೂ ಇದಕ್ಕೂ ಸಂಬಂಧವಿಲ್ಲ) ಇಂಟರ್ನೆಟ್ ಪ್ರೋಟೊಕಾಲ್‌ಗೆ ಬದಲಾಯಿಸುವುದು, ಗಡಿಯ ದುರ್ಗಮ ಪ್ರದೇಶಗಳಿಗೂ ಸಂಪರ್ಕ ಮುಟ್ಟಿಸುವುದು ಅದರ ಗುರಿ. ಉಪಕರಣಗಳಲ್ಲಿ ಶೇ. 80ರಷ್ಟು ದೇಶೀಯವಾಗಿರಬೇಕೆಂದು ಗೊತ್ತುಪಡಿಸಲಾಗಿತ್ತು.

ನಿತ್ಯದ ಖರೀದಿ ಇಷ್ಟು ಸುದ್ದಿಯಾಗುವುದಿಲ್ಲ. ಆದರೆ ಎಡವಟ್ಟುಗಳು ಹೆಚ್ಚು ಹುಟ್ಟುವುದು ಅಲ್ಲೇ, ಅದರಲ್ಲೂ ತಾಂತ್ರಿಕ ವಿವರಣೆ ಬರೆಯುವ ಹಂತದಲ್ಲಿ. ಟೆಂಡರಿನಲ್ಲಿ ಬ್ರ್ಯಾಂಡ್ ಹೆಸರಿಸದೆ, ಎಷ್ಟು ಪೋರ್ಟ್, ಎಷ್ಟು ವೇಗ, ಯಾವ ಗೂಢಲಿಪೀಕರಣ ಎಂದು ಸಾಮಾನ್ಯ ಭಾಷೆಯಲ್ಲಿ ಹೇಳಬೇಕು ಎನ್ನುವುದು ನಿಯಮದ ಆಶಯ. ಹೆಸರು ಹೇಳದೆಯೂ ಒಂದೇ ಕಂಪನಿಯ ಮಾಲು ಮಾತ್ರ ಹೊಂದುವಂತೆ ವಿವರ ಬರೆಯುವುದು ಕಷ್ಟವೇನಲ್ಲ. ಬಿಡ್ ಪೂರ್ವ ಸಭೆಯಲ್ಲಿ ಉಳಿದ ಮಾರಾಟಗಾರರು ಆಕ್ಷೇಪ ಎತ್ತುವುದು ಬಹುತೇಕ ಇದೇ ವಿಚಾರಕ್ಕೆ. ಆಮೇಲೆ ಎರಡು ಲಕೋಟೆ ಪದ್ಧತಿ: ತಾಂತ್ರಿಕ ಬಿಡ್‌ನಲ್ಲಿ ಪಾಸಾದವರ ದರದ ಬಿಡ್ ಮಾತ್ರ ತೆರೆಯುತ್ತಾರೆ, ಅವರಲ್ಲಿ ಕಡಿಮೆ ದರ ಹೇಳಿದವರು ಎಲ್-1.

ಸೇನೆಯ ಜಾಲಕ್ಕೆ ದರವೊಂದೇ ಸಾಲದು. ಪೆಟ್ಟಿಗೆ ಎಲ್ಲಿಂದ ಬಂತು ಎಂಬುದೂ ಮುಖ್ಯ. 2020ರ ಜುಲೈನಲ್ಲಿ ಸಾಮಾನ್ಯ ಹಣಕಾಸು ನಿಯಮ 144ಕ್ಕೆ ತಿದ್ದುಪಡಿ ತಂದು, ಭಾರತದೊಂದಿಗೆ ಭೂಗಡಿ ಹಂಚಿಕೊಂಡ ದೇಶಗಳ ಬಿಡ್‌ದಾರರಿಗೆ ನೋಂದಣಿ ಕಡ್ಡಾಯ ಮಾಡಲಾಯಿತು. ನಕಲಿ ಮಾಲಿನ ಕಾಟ ಇದಕ್ಕಿಂತ ಬೇರೆ. ಅಮೆರಿಕದಲ್ಲಿ ನಕಲಿ ಸಿಸ್ಕೊ ಉಪಕರಣ ಮಾರಿದ ವ್ಯಾಪಾರಿಯೊಬ್ಬನಿಗೆ 2024ರ ಮೇ ತಿಂಗಳಲ್ಲಿ ಆರೂವರೆ ವರ್ಷ ಜೈಲು ಶಿಕ್ಷೆಯಾಯಿತು. ಹಳೆಯ, ಕೆಳದರ್ಜೆಯ ಯಂತ್ರಗಳಿಗೆ ಹೊಸ ಲೇಬಲ್ ಅಂಟಿಸಿದ್ದ ಆ ಮಾಲು ಅಲ್ಲಿನ ಸೇನೆಯ ವ್ಯವಸ್ಥೆಗಳೊಳಗೂ ಸೇರಿಕೊಂಡಿತ್ತು. ಮಾರಾಟಗಾರನಿಂದ ತಯಾರಕರ ಅಧಿಕಾರ ಪತ್ರ ಕೇಳುವುದು, ಮಾಲು ಬಂದ ಮೇಲೆ ಸೀರಿಯಲ್ ನಂಬರುಗಳನ್ನು ಕಂಪನಿಯೊಂದಿಗೆ ತಾಳೆ ನೋಡುವುದು ಇಂಥ ಮೋಸ ತಡೆಯಲೆಂದೇ.

ಇನ್ನೊಂದು ತೊಡಕು ಟೆಂಡರ್ ಬರೆಯುವವರ ಕಣ್ಣು ಸುಲಭವಾಗಿ ತಪ್ಪಿಸುತ್ತದೆ. ಇಂದಿನ ಅನೇಕ ಉಪಕರಣಗಳು ಲೈಸೆನ್ಸ್‌ಗಾಗಿ, ಅಪ್‌ಡೇಟ್‌ಗಾಗಿ ತಯಾರಕರ ಸರ್ವರ್ ಹುಡುಕುತ್ತವೆ. ಗೋಪ್ಯ ಜಾಲಕ್ಕೆ ಹೊರಗಿನ ಇಂಟರ್ನೆಟ್ ಸಂಪರ್ಕವೇ ಇರುವುದಿಲ್ಲ. ಆಫ್‌ಲೈನ್ ಲೈಸೆನ್ಸ್, ಪರಿಶೀಲಿಸಿದ ಅಪ್‌ಡೇಟ್‌ಗಳನ್ನು ಕೈಯಾರೆ ಹಾಕಿಕೊಡುವ ಹೊಣೆ, ವಾರ್ಷಿಕ ನಿರ್ವಹಣಾ ಒಪ್ಪಂದದ ಅವಧಿ, ಇವು ಟೆಂಡರಿನಲ್ಲೇ ಸ್ಪಷ್ಟವಾಗಿರಬೇಕು. ಇವುಗಳ ಲೆಕ್ಕವಿಲ್ಲದೆ ಬಂದ ಎಲ್-1 ದರವನ್ನು ಅಗ್ಗ ಎನ್ನಲಾಗದು.