ಆಟದ ಗುರುವಿಗೆ ಎಷ್ಟು ವರ್ಷ?

ಸೋಲು ಒಂದೇ ಒಂದು ಅಂಕದ್ದು. 1988ರಲ್ಲಿ ಅಮೆರಿಕಾದ ಟೆಕ್ಸಾಸ್ ಸಂಸ್ಥಾನದ ಒಡೆಸ್ಸಾ ಎಂಬ ಎಣ್ಣೆಬಾವಿಗಳ ಪಟ್ಟಣದಲ್ಲಿ, ಪರ್ಮಿಯನ್ ಹೈಸ್ಕೂಲಿನ ಫುಟ್‌ಬಾಲ್ ತಂಡವು ನೆರೆಯೂರಿನ ತಂಡಕ್ಕೆ 22-21ರಿಂದ ಸೋತಿತು. ಅದರ ಬೆನ್ನಿಗೇ ಮುಖ್ಯ ಕೋಚ್ ಶ್ರೀ ಗ್ಯಾರಿ ಗೇನ್ಸ್ ಅವರ ಮನೆಯಂಗಳದಲ್ಲಿ ‘ಮನೆ ಮಾರಾಟಕ್ಕಿದೆ’ ಎಂಬ ಫಲಕಗಳು ಕಾಣಿಸಿಕೊಂಡವು. ಮನೆ ಮಾರುವ ವಿಚಾರ ಅವರಿಗಿರಲಿಲ್ಲ. ಊರು ಬಿಟ್ಟು ಹೊರಡಿರೆಂಬ ಅಪ್ಪಣೆಯನ್ನು ಊರಿನ ಕೆಲವರು ಆ ರೀತಿಯಲ್ಲಿ ತಿಳಿಸಿದ್ದರು. ಆ ವರ್ಷ ಅಲ್ಲಿ ವಾಸಮಾಡಿದ್ದ ಪತ್ರಕರ್ತ ಶ್ರೀ ಎಚ್. ಜಿ. ಬಿಸಿಂಜರ್ ಅವರು 1990ರಲ್ಲಿ ಪ್ರಕಟಿಸಿದ ‘ಫ್ರೈಡೆ ನೈಟ್ ಲೈಟ್ಸ್’ ಗ್ರಂಥದಿಂದ ಈ ಸಂಗತಿಯು ಲೋಕಕ್ಕೆ ತಿಳಿಯಿತು. ಮರುವರ್ಷ ಅದೇ ಗೇನ್ಸ್ ಅವರ ತಂಡವು ಸಂಸ್ಥಾನದ ಪ್ರಶಸ್ತಿಯನ್ನು ಗೆದ್ದಿತು. ಗೆದ್ದ ಗುರುಗಳು ಆ ಬಳಿಕ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದ ತಂಡಕ್ಕೆ ಸಹಾಯಕರಾಗಿ ಹೊರಟುಹೋದರು. ಮುಖ್ಯಸ್ಥರಾಗಿ ಅವರು ಪರ್ಮಿಯನ್ ಶಾಲೆಯಲ್ಲಿ ಇದ್ದುದು 1986ರಿಂದ 1989ರವರೆಗೆ, ನಾಲ್ಕೇ ವರ್ಷ.

ಅಮೆರಿಕನರ ಫುಟ್‌ಬಾಲ್ ನಮ್ಮ ಮೈದಾನಗಳ ಕಾಲ್ಚೆಂಡಾಟವಲ್ಲವೆಂಬುದನ್ನು ವಾಚಕರು ಬಲ್ಲರು. ತಲೆಗೆ ಶಿರಸ್ತ್ರಾಣ, ಹೆಗಲಿಗೆ ಕವಚ ಧರಿಸಿದ ಹನ್ನೊಂದು ಮಂದಿ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಸಾಲನ್ನು ಭೇದಿಸಿ ಮುನ್ನುಗ್ಗುವ ಆಟವದು. ಶರತ್ಕಾಲದ ಶುಕ್ರವಾರ ರಾತ್ರಿಗಳಲ್ಲಿ ಸಣ್ಣ ಊರುಗಳ ಜನವೆಲ್ಲ ಶಾಲೆಯ ಮೈದಾನದಲ್ಲಿ ನೆರೆಯುವುದುಂಟು. ನಮ್ಮ ಸರಕಾರಿ ಶಾಲೆಗಳಲ್ಲಿರುವಂತೆ ವರ್ಗಾವಣೆಯ ಹುಕುಮಿನಿಂದ ಅಲ್ಲಿ ಗುರುವು ಊರು ಬದಲಿಸುವುದಿಲ್ಲ. ಆ ದೇಶದಲ್ಲಿ ಸುಮಾರು 13 ಸಾವಿರ ಶಾಲಾ ಜಿಲ್ಲೆಗಳಿವೆ. ಬಹುತೇಕ ಜಿಲ್ಲೆಗಳಲ್ಲಿ ಊರಿನವರು ಚುನಾಯಿಸಿದ ಮಂಡಲಿಯೇ ನೇಮಿಸುವುದು, ಅದೇ ತೆಗೆದುಹಾಕುವುದು. ಆದುದರಿಂದ ಶುಕ್ರವಾರ ರಾತ್ರಿ ಮೈದಾನದ ಅಂಚಿನಲ್ಲಿ ಕುಳಿತು ಕೂಗುವವನೇ ಅಲ್ಲಿ ಗುರುವಿನ ಯಜಮಾನ!

ಈ ಗುರುವಿನ ಕೆಲಸವಾದರೂ ಎಂತಹದು? ಬಹುಮಟ್ಟಿಗೆ ಅವನು ಚರಿತ್ರೆಯನ್ನೋ ಗಣಿತವನ್ನೋ ವ್ಯಾಯಾಮವನ್ನೋ ಕಲಿಸುವ ಉಪಾಧ್ಯಾಯನು. ಪಾಠ ಮುಗಿದ ಮೇಲೆ ಸಂಜೆಯವರೆಗೆ ಅಭ್ಯಾಸ. ಶನಿವಾರ ಭಾನುವಾರಗಳಲ್ಲಿ ಮುಂದಿನ ಎದುರಾಳಿಯ ಆಟದ ಚಿತ್ರಗಳನ್ನು ನೋಡಿ ವ್ಯೂಹ ರಚನೆ. ಬೇಸಗೆಯಲ್ಲಿ ಹುಡುಗರ ಅಂಗಸಾಧನೆ. ಇದಕ್ಕೆ ದೊರೆಯುವುದು ಉಪಾಧ್ಯಾಯ ವೇತನದ ಮೇಲೆ ಅನೇಕ ಕಡೆಗಳಲ್ಲಿ ಒಂದು ಚಿಕ್ಕ ಸಂಭಾವನೆ. ತನ್ನ ಮಗನನ್ನು ಆಡಿಸಲಿಲ್ಲವೆಂದು ಸಿಟ್ಟಾದ ತಂದೆಯ ದೂರುಗಳು ಬೇರೆ. ಸೋತರೆ ಮಂಡಲಿಯು ಕಳುಹಿಸುತ್ತದೆ; ಗೆದ್ದರೆ ದೊಡ್ಡ ಶಾಲೆಯೋ ಕಾಲೇಜೋ ಕರೆಯುತ್ತದೆ. ಎರಡು ದಾರಿಗಳೂ ಊರಿನ ಹೊರಕ್ಕೇ ಹೋಗುವಾಗ ಗುರುವು ಬಹುಕಾಲ ನಿಲ್ಲದಿರುವುದರಲ್ಲಿ ಆಶ್ಚರ್ಯವೇನು?

ಹಾಗಾದರೆ ಎಷ್ಟು ಕಾಲ ನಿಂತರೆ ಸಾಕು? ನಮ್ಮ ದೃಷ್ಟಿಯಲ್ಲಿ ಇದಕ್ಕೆ ಸಹಜವಾದ ಅಳತೆಗೋಲೊಂದುಂಟು. ಅಮೆರಿಕಾದ ಹೈಸ್ಕೂಲು ಸಾಮಾನ್ಯವಾಗಿ ನಾಲ್ಕು ತರಗತಿಗಳದು. ಹದಿನಾಲ್ಕು ವರ್ಷದ ಬಾಲಕನು ಬಂದು ಹದಿನೆಂಟರ ತರುಣನಾಗಿ ಹೊರಡುತ್ತಾನೆ. ಒಬ್ಬನೇ ಒಬ್ಬ ಹುಡುಗನನ್ನು ಆದಿಯಿಂದ ಅಂತ್ಯದವರೆಗೆ ಕಾಣಬೇಕಾದರೂ ಗುರುವಿಗೆ ನಾಲ್ಕು ವರ್ಷ ಬೇಕು. ಎರಡೇ ವರ್ಷಕ್ಕೆ ಅವನನ್ನು ಬದಲಿಸುವ ಮಂಡಲಿಯು ತೀರ್ಪು ಕೊಡುವುದು ಅವನ ಕೆಲಸದ ಮೇಲಲ್ಲ, ಹಿಂದಿನವನು ಬಿಟ್ಟುಹೋದ ಕೆಲಸದ ಮೇಲೆ.

ಕಾಲಾವಕಾಶದ ಫಲವೇನೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ಕ್ಯಾಲಿಫೋರ್ನಿಯಾದ ಕಾಂಕರ್ಡ್ ಪಟ್ಟಣದ ಡಿ ಲಾ ಸಾಲ್ ಶಾಲೆಗೆ 1979ರಲ್ಲಿ ಶ್ರೀ ಬಾಬ್ ಲಾಡೂಸರ್ ಅವರು ಬಂದಾಗ, ಸೋಲಿಗಿಂತ ಗೆಲುವು ಹೆಚ್ಚಾದ ಒಂದು ವರ್ಷವನ್ನೂ ಆ ಶಾಲೆ ಕಂಡಿರಲಿಲ್ಲ. ಅವರು ಅಲ್ಲಿಯೇ ಧರ್ಮಪಾಠವನ್ನೂ ಹೇಳುತ್ತಾ 2012ರ ಋತುವಿನವರೆಗೆ ನಿಂತರು. ಸತತ 151 ಪಂದ್ಯಗಳ ಅವರ ಪ್ರಖ್ಯಾತ ಜಯಪರಂಪರೆಯು ಮೊದಲಾದದ್ದು 1992ರಲ್ಲಿ, ಎಂದರೆ ಅವರ ಹದಿನಾಲ್ಕನೆಯ ವರ್ಷದಲ್ಲಿ; ಅದು ಮುರಿದದ್ದು 2004ರಲ್ಲಿ. ಇನ್ನೊಬ್ಬರು ದಕ್ಷಿಣ ಕೆರೋಲಿನಾದ ಸಮರ್‌ವಿಲ್ ಹೈಸ್ಕೂಲಿನ ಶ್ರೀ ಜಾನ್ ಮೆಕಿಸಿಕ್. ಅವರು 1952ರಿಂದ 2014ರವರೆಗೆ, 63 ಋತುಗಳ ಕಾಲ ಅದೊಂದೇ ಶಾಲೆಯಲ್ಲಿದ್ದು 621 ಪಂದ್ಯಗಳನ್ನು ಗೆದ್ದರು. ಅಜ್ಜ, ಮಗ, ಮೊಮ್ಮಗ ಮೂವರೂ ಒಬ್ಬನೇ ಗುರುವಿನ ಕೈಕೆಳಗೆ ಆಡುವಷ್ಟು ದೀರ್ಘಕಾಲವದು. ಅವರ ತರುವಾಯ ಆ ಪೀಠಕ್ಕೆ ಬಂದವರು ಅವರ ಮೊಮ್ಮಗನೇ.

ಯೋಗ್ಯತೆಯಿದ್ದವರೆಲ್ಲರಿಗೂ ಈ ಭಾಗ್ಯ ದೊರೆಯಿತೆಂದು ಹೇಳುವಂತಿಲ್ಲ. ದಕ್ಷಿಣದ ಸಂಸ್ಥಾನಗಳಲ್ಲಿ ವರ್ಣಭೇದದ ಶಾಲೆಗಳನ್ನು ಒಂದುಗೂಡಿಸಿದಾಗ, ಅನೇಕ ಕಡೆ ಮುಚ್ಚಿಹೋದದ್ದು ಕಪ್ಪು ಜನರ ಶಾಲೆ. ಅಲ್ಲಿ ಬಹುಕಾಲ ದುಡಿದಿದ್ದ ಮುಖ್ಯ ಗುರುಗಳು ಸಹಾಯಕರಾದರು, ಇಲ್ಲವೆ ಮನೆಗೆ ಹೋದರು. ಉತ್ತರ ಕೆರೋಲಿನಾದಲ್ಲಿ ಹಾಗೆ ಅವಕಾಶ ತಪ್ಪಿದ ಶ್ರೀ ಹರ್ಮನ್ ಬೂನ್ ಅವರು ವರ್ಜೀನಿಯಾದ ಅಲೆಕ್ಸಾಂಡ್ರಿಯಾಕ್ಕೆ ಬಂದರು. 1971ರಲ್ಲಿ ಅಲ್ಲಿಯ ಟಿ. ಸಿ. ವಿಲಿಯಮ್ಸ್ ಹೈಸ್ಕೂಲಿನ ಮುಖ್ಯ ಕೋಚ್ ಆಗಿ, ಎರಡು ವರ್ಣಗಳ ಹುಡುಗರನ್ನು ಒಂದೇ ತಂಡವಾಗಿ ಬೆಸೆದು, 13 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಸಂಸ್ಥಾನದ ಪ್ರಶಸ್ತಿಯನ್ನು ತಂದರು. ಅಂತಹವರ ಅಧಿಕಾರವೂ ಅಲ್ಲಿ 1979ಕ್ಕೆ ಮುಗಿಯಿತು. ಗುರುವು ಉಳಿದ ವರ್ಷಗಳನ್ನು ಎಣಿಸುವವರು, ಯಾರಿಗೆ ಉಳಿಯಲು ಬಿಟ್ಟರು ಎಂಬುದನ್ನೂ ಕೇಳತಕ್ಕದ್ದು.

ದೀರ್ಘಕಾಲವೇ ಒಂದು ಗುಣವೆಂದು ನಾವು ಹೇಳುತ್ತಿಲ್ಲ. ಬಹುಕಾಲ ಒಂದೇ ಪೀಠದಲ್ಲಿ ಕುಳಿತವನ ಮಾತೇ ಶಾಸನವಾಗುವ ಭಯವಿದೆ. ಉರಿಬಿಸಿಲಿನ ಅಭ್ಯಾಸದಲ್ಲಿ ಹುಡುಗರಿಗೆ ನೀರು ಕೊಡದಿರುವುದೇ ಅವರನ್ನು ಗಟ್ಟಿಮಾಡುವ ಉಪಾಯವೆಂದು ಆ ದೇಶದ ಗುರುಗಳು ಒಂದು ಕಾಲದಲ್ಲಿ ನಂಬಿದ್ದರು. ಅಂತಹ ಪಾಠವನ್ನು ಮರೆಯಲಾರದವನು ನಲವತ್ತು ವರ್ಷ ನಿಂತರೆ ಅಪಾಯವೂ ನಲವತ್ತು ವರ್ಷ ನಿಲ್ಲುತ್ತದೆ. ಆದುದರಿಂದ ಗುರುವಿಗೆ ಕಾಲಾವಕಾಶ ಕೊಡುವುದೆಂದರೆ ಅವನನ್ನು ಪ್ರಶ್ನಿಸದಿರುವುದೆಂದಲ್ಲ. ಪ್ರಶ್ನೆಯು ಸರಿಯಾದದ್ದಾಗಿರಬೇಕು: ಎಷ್ಟು ಹುಡುಗರು ಶಾಲೆಯನ್ನು ಮುಗಿಸಿದರು? ಎಷ್ಟು ಮಂದಿ ಅಂಗಭಂಗವಿಲ್ಲದೆ ಮನೆಗೆ ಮರಳಿದರು? ಆಡಲು ಅವಕಾಶ ಸಿಗದವನೂ ಏನನ್ನು ಕಲಿತನು? ಇವುಗಳಿಗೆ ಉತ್ತರವು ಅಂಕಫಲಕದಲ್ಲಿ ದೊರೆಯದು. ಒಂದು ಋತುವಿನಲ್ಲಿಯೂ ದೊರೆಯದು.

ನೇಮಿಸಿದ ಗುರುವಿಗೆ ನಾಲ್ಕು ವರ್ಷಗಳ ಅವಕಾಶವನ್ನು ಲಿಖಿತವಾಗಿ ಕೊಟ್ಟು, ದುರ್ನಡತೆಯ ಹೊರತು ಬೇರಾವ ಕಾರಣಕ್ಕೂ ನಡುವೆ ಕದಲಿಸದಿರುವುದು ಶಾಲಾ ಮಂಡಲಿಗಳಿಗೆ ಉಚಿತವೆಂದು ನಮ್ಮ ಅಭಿಪ್ರಾಯ. ಒಡೆಸ್ಸಾದ ಕಥೆಯ ಶೇಷಭಾಗವೂ ಇದನ್ನೇ ಹೇಳುತ್ತದೆ. ಅಂಗಳದಲ್ಲಿ ಫಲಕಗಳನ್ನು ಕಂಡಿದ್ದ ಆ ಗೇನ್ಸ್ ಅವರು 2009ರಲ್ಲಿ ಅದೇ ಪರ್ಮಿಯನ್ ಶಾಲೆಯ ಮುಖ್ಯ ಕೋಚ್ ಆಗಿ ಮರಳಿ ಬಂದು, ಮತ್ತೆ ನಾಲ್ಕು ಋತುಗಳ ಕಾಲ ದುಡಿದರು; 2022ರಲ್ಲಿ ತೀರಿಕೊಂಡರು. ಒಂದು ಅಂಕಕ್ಕಾಗಿ ಹೊರಡೆಂದ ಊರು, ಬಾರೆಂದು ಕರೆಯಲು ಇಪ್ಪತ್ತು ವರ್ಷ ತೆಗೆದುಕೊಂಡಿತು. ಅಷ್ಟರಲ್ಲಿ ಐದು ತಲೆಗಳ ಹುಡುಗರು ಆ ಶಾಲೆಯನ್ನು ಹಾದುಹೋಗಿದ್ದರು.