ಆ ಏಳು ಮಂದಿಯಲ್ಲಿ ನಮ್ಮವರು ಯಾರು?

ಟಿ.ವಿ.ಯಲ್ಲಿ ಬಾರದ, ಅಂಕಪಟ್ಟಿಯಲ್ಲಿ ಮೇಲೇರುವ ಆಸೆಯೂ ಕೆಳಗಿಳಿಯುವ ಭಯವೂ ಇಲ್ಲದ ಆಟವೊಂದು ಕರಾವಳಿಯ ಗದ್ದೆಗಳಲ್ಲಿ ಬೆಳಗಿನ ಜಾವದವರೆಗೆ ನಡೆಯುತ್ತದೆ. ಮಿರ್ಜಾನದ ಹೊನಲು ಬೆಳಕಿನ ಕಬಡ್ಡಿ, ಊರಿನ ಅಭಿಮಾನಿಯೊಬ್ಬನ ಕಣ್ಣಲ್ಲಿ.

ನಮ್ಮ ಕಡೆಯ ಕಬಡ್ಡಿ ಶುರುವಾಗುವುದು ತೂಕದ ಯಂತ್ರದ ಮೇಲೆ. ಫ್ಲೆಕ್ಸಿನಲ್ಲಿ ‘60 ಕೆ.ಜಿ. ವಿಭಾಗ’ ಎಂದು ಅಚ್ಚಾಗಿದ್ದರೆ ಸಂಜೆ ಹುಡುಗರು ಬನಿಯನ್ನನ್ನೂ ಕಳಚಿಟ್ಟು ಒಬ್ಬೊಬ್ಬರಾಗಿ ಅದರ ಮೇಲೆ ನಿಲ್ಲುತ್ತಾರೆ. ಅರ್ಧ ಕಿಲೋ ಹೆಚ್ಚು ತೋರಿಸಿದವನು ಮಧ್ಯಾಹ್ನದ ಊಟವನ್ನು ಹೇಗೂ ಬಿಟ್ಟಿರುತ್ತಾನೆ; ಈಗ ಸ್ವೆಟರಿನ ಮೇಲೆ ಜಾಕೆಟ್ ಹಾಕಿ ಹೆದ್ದಾರಿಯ ಬದಿಯಲ್ಲಿ ಓಡಿ ಬೆವರು ಸುರಿಸಬೇಕು. ಅವನ ಹಿಂದೆ ಬೈಕಿನಲ್ಲಿ ಹೆಡ್‌ಲೈಟ್ ಹಾಕಿಕೊಂಡು, ‘ಇನ್ನೂ ಸ್ವಲ್ಪ ತಮಾ, ಇನ್ನೂ ಸ್ವಲ್ಪ’ ಎಂದು ಅಟ್ಟಿಸಿಕೊಂಡು ಹೋಗುವವನೊಬ್ಬ ಇರುತ್ತಾನೆ. ಅವನು ಆಟಗಾರನಲ್ಲ, ತರಬೇತುದಾರನಲ್ಲ, ಸಂಘಟಕನೂ ಅಲ್ಲ. ಊರಿನ ಅಭಿಮಾನಿ. ಈ ಲೇಖನ ಅಂಥವರದ್ದು; ಅವರಲ್ಲಿ ನಾನೂ ಒಬ್ಬ.

ಕುಮಟಾದಿಂದ ಅಂಕೋಲಾ ಕಡೆ ಹೊರಟು ದೀವಗಿಯಲ್ಲಿ ಅಘನಾಶಿನಿ ದಾಟಿದರೆ ಮಿರ್ಜಾನ. ಹೊರಗಿನವರಿಗೆ ಮಿರ್ಜಾನವೆಂದರೆ ಕೋಟೆ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರು ಕೇಳಿ ಬಂದವರು ಪಾಚಿ ಹತ್ತಿದ ಕೆಂಪುಕಲ್ಲಿನ ಗೋಡೆಗಳ ಮುಂದೆ ಫೋಟೋ ತೆಗೆಸಿಕೊಂಡು ಗೋಕರ್ಣಕ್ಕೆ ಹೋಗುತ್ತಾರೆ. ಕೊಯ್ಲು ಮುಗಿದ ಮೇಲೆ ಈ ಸೀಮೆಯ ಗದ್ದೆಗಳಲ್ಲಿ ಏನು ನಡೆಯುತ್ತದೆಂದು ನೋಡಲು ರಾತ್ರಿ ಉಳಿಯಬೇಕು.

ಗದ್ದೆ ಅಂಕಣವಾಗುವ ಬಗೆ

ಭತ್ತ ಮನೆ ಸೇರಿದ ಮೇಲೆ ಮೊದಲ ಕೆಲಸ ಕೂಳೆ ಕೀಳುವುದು. ಅದೊಂದು ಉಳಿದರೂ ಹಿಡಿದು ಕೆಡವಿದವನ ಬೆನ್ನು ಸೀಳುತ್ತದೆ. ಆಮೇಲೆ ಹೆಂಟೆ ಒಡೆದು, ನೀರು ಹೊಡೆದು, ನೆಲವನ್ನು ಗಟ್ಟಿ ಮಾಡಿ, ಸುಣ್ಣದ ಗೆರೆ ಎಳೆಯಬೇಕು: 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆಯಿಂದ 3.75 ಮೀಟರಿಗೆ ಬಾಕ್ ಗೆರೆ, ಅದರಾಚೆ ಒಂದು ಮೀಟರಿಗೆ ಬೋನಸ್ ಗೆರೆ, ಎರಡೂ ಬದಿಗೆ ಒಂದೊಂದು ಮೀಟರಿನ ಲಾಬಿ. ಈಗ ದೊಡ್ಡ ಪಂದ್ಯಾವಳಿಗಳಿಗೆ ಬಾಡಿಗೆಯ ಮ್ಯಾಟ್ ಲಾರಿಯಲ್ಲಿ ಬಂದಿಳಿಯುತ್ತದೆ. ಮಣ್ಣಿನಲ್ಲಿ ಬರಿಗಾಲಿನಲ್ಲಿ ಕಲಿತ ಹುಡುಗ ಮ್ಯಾಟಿನ ಮೇಲೆ ಶೂ ಹಾಕಿ ನಿಂತಾಗ ಅವನ ಕಾಲು ಜಾರುವುದೂ ಬೇರೆ, ತಡೆಯುವುದೂ ಬೇರೆ. ಮಣ್ಣಿನ ಹುಲಿಗಳು ಮ್ಯಾಟಿನ ಮೇಲೆ ಮೊದಲ ಸುತ್ತಿನಲ್ಲೇ ಮನೆಗೆ ಹೋದದ್ದನ್ನು ಇಲ್ಲಿ ಎಲ್ಲರೂ ಕಂಡಿದ್ದಾರೆ.

ಸಭಾ ಕಾರ್ಯಕ್ರಮ ಎಂಟಕ್ಕೆ ಎಂದು ಅಚ್ಚಾಗಿದ್ದರೆ ಹತ್ತಕ್ಕೆ ಮುಗಿದರೆ ಪುಣ್ಯ. ಶಾಲು, ಹಾರ, ಸ್ಮರಣಿಕೆ, ಕ್ರೀಡೆಯಿಂದ ದೇಹಕ್ಕೂ ಮನಸ್ಸಿಗೂ ಆಗುವ ಲಾಭದ ಬಗ್ಗೆ ನಾಲ್ಕು ಭಾಷಣ. ಅಷ್ಟು ಹೊತ್ತೂ ಆಟಗಾರರು ವೇದಿಕೆಯ ಹಿಂದೆ ಮೈ ಬಿಸಿ ಮಾಡಿಕೊಂಡು, ಮತ್ತೆ ತಣ್ಣಗಾಗಿ, ಮತ್ತೆ ಬಿಸಿ ಮಾಡಿಕೊಳ್ಳುತ್ತಿರುತ್ತಾರೆ. ಆಮ್ಲೆಟ್ ಗಾಡಿ, ಗೋಬಿ ಮಂಚೂರಿ, ಚಾದ ಕ್ಯಾನು. ಮೈಕಿನಲ್ಲಿ ವೀಕ್ಷಕ ವಿವರಣೆಯವನು ದಾನಿಗಳ ಹೆಸರನ್ನೂ ರೈಡರನ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಒಂದು ಮೂಲೆಯಲ್ಲಿ ಯುಟ್ಯೂಬ್ ನೇರಪ್ರಸಾರದ ಕ್ಯಾಮೆರಾ ನಿಂತಿದೆ. ಗೋವಾದ ಹೋಟೆಲಿನಲ್ಲೋ ಬೆಂಗಳೂರಿನ ಪಿ.ಜಿ.ಯಲ್ಲೋ ಕುಳಿತ ಊರಿನ ಹುಡುಗರು ಅಲ್ಲಿಂದಲೇ ನೋಡುತ್ತ, ಇಲ್ಲಿ ನಿಂತವನಿಗೆ ಫೋನ್ ಮಾಡಿ, ‘ಆ ಕಾರ್ನರಿಗೆ ಸ್ವಲ್ಪ ಒಳಗೆ ನಿಲ್ಲೂಕೆ ಹೇಳಾ’ ಎನ್ನುತ್ತಾರೆ.

ಏಣಿಯಿಲ್ಲದ ಆಟ

ಕೆಳಹಂತದ ತಂಡದ ಅಭಿಮಾನಿಗೆ ಜಗತ್ತಿನ ಹಲವು ಕಡೆ ಹಿಡಿದುಕೊಳ್ಳಲು ಒಂದು ಏಣಿ ಇರುತ್ತದೆ. ಫುಟ್‌ಬಾಲನ್ನೇ ನೋಡಿ. ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಎಸ್.ಸಿ. ಬೆಂಗಳೂರು ತಂಡವನ್ನು ಬೆಂಬಲಿಸಿದವರು 2023–24ರಲ್ಲಿ ತಮ್ಮ ತಂಡ ಐ-ಲೀಗ್ 2 ಗೆದ್ದು ಐ-ಲೀಗಿಗೆ ಬಡ್ತಿ ಪಡೆದದ್ದನ್ನು ಕಂಡರು. ಮರುವರ್ಷವೇ, 2024–25ರಲ್ಲಿ, ಅದು ಮತ್ತೆ ಕೆಳಗಿಳಿದದ್ದನ್ನೂ ಕಂಡರು. ಸಂಕಟವೇ ಸರಿ. ಆದರೆ ಅದಕ್ಕೊಂದು ಲೆಕ್ಕವಿದೆ. ಈ ವರ್ಷ ಎಲ್ಲಿದ್ದೇವೆ, ಮುಂದಿನ ವರ್ಷ ಎಲ್ಲಿರಬೇಕು ಎಂದು ಹೇಳಲು ಒಂದು ಪಟ್ಟಿ ಇದೆ.

ನಮ್ಮ ಗದ್ದೆಯ ಕಬಡ್ಡಿಗೆ ಆ ಪಟ್ಟಿ ಇಲ್ಲ. ಈ ಶನಿವಾರ ಗೆದ್ದ ತಂಡ ಮುಂದಿನ ಶನಿವಾರ ಇನ್ನೊಂದೂರಿನಲ್ಲಿ ಪ್ರವೇಶ ಶುಲ್ಕ ಕಟ್ಟಿ ಮತ್ತೆ ಮೊದಲ ಸುತ್ತಿನಿಂದಲೇ ಆಡಬೇಕು. ಟ್ರೋಫಿ ಯುವಕ ಸಂಘದ ಕಪಾಟು ಸೇರುತ್ತದೆ, ನಗದು ಬಹುಮಾನ ವ್ಯಾನಿನ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತದೆ. ಉಳಿಯುವುದು ನೆನಪು ಮಾತ್ರ: ಯಾರು ಯಾರನ್ನು ಯಾವ ಗದ್ದೆಯಲ್ಲಿ ಎಷ್ಟು ಅಂಕದಿಂದ ಸೋಲಿಸಿದರು ಎಂಬುದು. ಅದನ್ನು ಯಾವ ಒಕ್ಕೂಟವೂ ಬರೆದಿಡುವುದಿಲ್ಲ. ಅಭಿಮಾನಿಯ ತಲೆಯಲ್ಲೇ ಅದರ ದಫ್ತರ.

ಏಣಿ ಇರುವುದು ಆಟಗಾರನಿಗೆ. ಪ್ರೊ ಕಬಡ್ಡಿ 2014ರಲ್ಲಿ ಶುರುವಾದ ಮೇಲಂತೂ ಆ ಏಣಿ ಊರಿನ ಹುಡುಗನ ಕಣ್ಣಿಗೂ ಕಾಣುತ್ತಿದೆ. ಪುತ್ತೂರು ಕಡೆಯ ಪ್ರಶಾಂತ್ ಕುಮಾರ್ ರೈ ಪಟ್ನಾ ಪೈರೇಟ್ಸ್ ನಾಯಕರಾಗಿ 2022ರ ಫೆಬ್ರುವರಿಯಲ್ಲಿ ಫೈನಲ್ ಆಡಿ ದೆಹಲಿ ತಂಡಕ್ಕೆ 36–37ರಲ್ಲಿ ಸೋತ ರಾತ್ರಿ, ಒಂದು ಅಂಕದ ಸೋಲು ಎಂಥದ್ದೆಂದು ಕರಾವಳಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಕಾರ್ಕಳ ತಾಲೂಕಿನ ಮಮತಾ ಪೂಜಾರಿ ಏಷ್ಯನ್ ಗೇಮ್ಸ್ ಚಿನ್ನವನ್ನೂ ಅರ್ಜುನ ಪ್ರಶಸ್ತಿಯನ್ನೂ ತಂದರು. ಆಟಗಾರ ಏರುತ್ತಾನೆ, ತಂಡ ಇದ್ದಲ್ಲೇ ಇರುತ್ತದೆ. ಹಾಗಿರುವಾಗ ಅಭಿಮಾನಿ ಹಿಡಿದುಕೊಂಡಿರುವುದು ಏನನ್ನು?

ಹೊಳೆಯಾಚೆಯವರ ವಿರುದ್ಧ

ಒಂದು ಸೆಮಿಫೈನಲ್ ಹೇಳುತ್ತೇನೆ. ಎದುರಾಳಿಗಳು ಹೊಳೆಯಾಚೆಯವರು. ಅವರ ಕಡೆಯ ಹಗ್ಗದ ಹಿಂದೆ ನನ್ನ ಸೋದರಮಾವನೇ ನಿಂತಿದ್ದರು. ಇಲ್ಲಿ ವೈರಿಯೆಂದರೆ ಬಹುತೇಕ ಬೀಗರೇ. ಪಂದ್ಯಕ್ಕೆ ಮುಂಚೆ, ‘ಎಂತಾ ಅಳಿಯಾ, ಚಾ ಕುಡ್ದ್ಯಾ?’ ಎಂದು ಹೆಗಲ ಮೇಲೆ ಕೈ ಹಾಕಿದವರು ಸೀಟಿ ಊದಿದ ಮೇಲೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಮ್ಮ ಏಳು ಮಂದಿಯಲ್ಲಿ ನಾಲ್ವರು ಊರಿನವರು, ಮೂವರು ಹೊರಗಿನವರು. ಮುಖ್ಯ ರೈಡರ್ ದಕ್ಷಿಣದಿಂದ ಕರೆಸಿದವನು. ಅಂಥವನ ಓಡಾಟದ ಖರ್ಚು, ಊಟ, ಕೈಗಿಷ್ಟು ಸಂಭಾವನೆ ತಂಡದ ಮೇಲೆ. ಆ ಹಣ ಊರಿನ ಅಂಗಡಿ, ರಿಕ್ಷಾ ಸ್ಟ್ಯಾಂಡ್, ದೋಣಿ ಮಾಲೀಕರಿಂದ ಎತ್ತಿದ ಚಂದಾ. ರೈಡರ್ ಹಣಕ್ಕೆ ಮೋಸ ಮಾಡಲಿಲ್ಲ. ಅವನ ಕಾಲು ಬೋನಸ್ ಗೆರೆ ದಾಟಿದ್ದು ನಮಗೆ ಕಾಣುವಷ್ಟರಲ್ಲಿ ದೇಹ ನಡುಗೆರೆಯ ಹತ್ತಿರ ಬಂದಿರುತ್ತಿತ್ತು. ಮೊದಲರ್ಧದಲ್ಲಿ ನಮ್ಮ ಹೆಚ್ಚಿನ ಅಂಕಗಳೆಲ್ಲ ಅವನವೇ.

ಅದೇ ಹೊತ್ತಿಗೆ ನಮ್ಮೂರಿನದೇ ಹುಡುಗ, ವೈರಿಂಗ್ ಕೆಲಸಕ್ಕೆ ಹೋಗುವವನು, ಬಲ ಕಾರ್ನರಿನಲ್ಲಿ ತಪ್ಪಿನ ಮೇಲೆ ತಪ್ಪು ಮಾಡುತ್ತಿದ್ದ. ರೈಡರ್ ಬಾಕ್ ಗೆರೆ ದಾಟುವ ಮುಂಚೆಯೇ ಕಾಲಿಗೆ ಹಾರುವುದು, ಕೈ ಜಾರುವುದು, ಔಟಾಗಿ ತಲೆ ತಗ್ಗಿಸಿ ಹೊರಗೆ ಕೂರುವುದು. ನಮ್ಮ ಕಡೆಯಿಂದಲೇ ಬೈಗುಳ ಶುರುವಾಯಿತು. ಹೊರಗಿನ ರೈಡರನಿಗೆ ಯಾರೂ ಬೈಯಲಿಲ್ಲ, ಚಪ್ಪಾಳೆ ಹೊಡೆದರು. ಬೈಗುಳ ಬಿದ್ದದ್ದು ನಮ್ಮವನಿಗೆ.

ಕೊನೆಯ ಮೂರು ನಿಮಿಷ. ನಾವು 19, ಅವರು 22. ಅಂಕಣದಲ್ಲಿ ನಮ್ಮವರು ಮೂವರೇ. ಇನ್ನೊಂದು ದಾಳಿ ಚೆನ್ನಾಗಿ ಬಿದ್ದು ಮೂವರೂ ಔಟಾದರೆ ಲೋನಾ, ಮೇಲೆ ಎರಡಂಕ, ಕಥೆ ಮುಗಿಯಿತು. ಅವರ ರೈಡರ್ ಬಂದ. ಮೂವರಿದ್ದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡಂಕ. ವೈರಿಂಗ್ ಹುಡುಗ ಆ ಒಂದು ಸಲ ಕಾದ. ರೈಡರ್ ಬೆನ್ನು ತಿರುಗಿಸುವವರೆಗೂ ಕಾದ. ಮೀನಿಗೆ ಹೊಂಚಿದ ಕೊಕ್ಕರೆಯ ಹಾಗೆ ನಿಂತಿದ್ದವನು ಒಮ್ಮೆಗೇ ಬಗ್ಗಿ ಹಿಮ್ಮಡಿ ಹಿಡಿದ. ಉಳಿದಿಬ್ಬರು ಮೇಲೆ ಬಿದ್ದರು. 21–22. ಗದ್ದೆಯ ಬದುವಿನ ಮೇಲೆ ಕುಳಿತಿದ್ದ ಹೆಂಗಸರೂ ಎದ್ದು ನಿಂತರು.

ಮುಂದಿನ ದಾಳಿಯಲ್ಲಿ ನಮ್ಮ ರೈಡರ್ ಒಂದು ಮುಟ್ಟಿ ಬಂದ, 22–22. ಅವರೂ ಒಂದು ಮುಟ್ಟಿ ಹೋದರು, 22–23. ಕೊನೆಯ ದಾಳಿ ನಮ್ಮದು. ಹೊರಗಿನ ರೈಡರ್ ಎಡ ಮೂಲೆಗೆ ಕೈ ಚಾಚಿ ಹಾಗೇ ಲಾಬಿಗೆ ಜಾರಿದ. ಮುಟ್ಟಿದನೇ, ಇಲ್ಲವೇ? ಮುಟ್ಟಿದ್ದರೆ ಲಾಬಿಯೂ ಅಂಕಣವೇ. ಮುಟ್ಟದೆ ಕಾಲಿಟ್ಟಿದ್ದರೆ ರೈಡರೇ ಔಟ್. ಅಂಪೈರ್ ಕೈ ಅವರ ಕಡೆ ತೋರಿಸಿದ. 22–24.

ಹಾಂಗ್‌ಝೌನಲ್ಲೂ ಇದೇ ಜಗಳ

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ಹಗ್ಗ ಸಡಿಲವಾಯಿತು, ಜನ ಒಳಗೆ ಬಂದರು, ವಿವರಣೆಯವನು ‘ದಯವಿಟ್ಟು ಅಂಕಣದಿಂದ ಹೊರಗೆ’ ಎಂದು ಬೇಡಿಕೊಂಡ, ಯಾರೋ ನೇರಪ್ರಸಾರವನ್ನು ಮೊಬೈಲಿನಲ್ಲಿ ಹಿಂದಕ್ಕೆ ಎಳೆದು ತೋರಿಸಿದರು. ಅದರಲ್ಲಿ ಕಂಡದ್ದು ಅಂಪೈರನ ಬೆನ್ನು ಮಾತ್ರ.

ಹಳ್ಳಿ ಆಟವೆಂದರೆ ಹೀಗೇ ಎಂದು ಮೂಗು ಮುರಿಯುವವರು 2023ರ ಅಕ್ಟೋಬರ್ 7ನ್ನು ನೆನಪಿಸಿಕೊಳ್ಳಬೇಕು. ಹಾಂಗ್‌ಝೌ ಏಷ್ಯನ್ ಗೇಮ್ಸಿನ ಪುರುಷರ ಫೈನಲ್, ಭಾರತ–ಇರಾನ್, 28–28. ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು, ಇರಾನಿನ ಹಿಡಿತಗಾರರೂ ಹಿಂದೆಯೇ ಲಾಬಿಗೆ ನುಗ್ಗಿದರು. ಹಳೆಯ ನಿಯಮ ಅನ್ವಯವೋ ಹೊಸದೋ, ಅಂಕ ಯಾರಿಗೆ, ಎಷ್ಟು? ತೀರ್ಪು ಬದಲಾಯಿತು, ಮತ್ತೆ ಬದಲಾಯಿತು, ಆಟಗಾರರು ಅಂಕಣದಲ್ಲೇ ಕುಳಿತರು, ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಭಾರತ 33–29ರಲ್ಲಿ ಗೆದ್ದಿತು. ಖಂಡದ ಅತಿ ದೊಡ್ಡ ಪಂದ್ಯದಲ್ಲಿ, ಅಷ್ಟೊಂದು ಕ್ಯಾಮೆರಾಗಳ ಮುಂದೆ, ಜಗಳ ನಡೆದದ್ದು ಒಂದು ಮೀಟರಿನ ಆ ಪಟ್ಟಿಯ ಮೇಲೆಯೇ. ಹಾಗಿದ್ದ ಮೇಲೆ, ರಾತ್ರಿ ಎರಡು ಗಂಟೆಗೆ ಸುಣ್ಣದ ಗೆರೆ ಅರ್ಧ ಅಳಿಸಿಹೋದ ಗದ್ದೆಯಲ್ಲಿ ಅಂಪೈರನೊಬ್ಬ ಕಣ್ಣು ನಂಬಿ ಕೈ ಎತ್ತಿದರೆ ಅವನನ್ನು ದೂರುವುದು ಹೇಗೆ? ಅವನು ದಿನಗೂಲಿಯಷ್ಟೇ ಗೌರವಧನಕ್ಕೆ ಬೈಗುಳ ತಿನ್ನಲು ಬಂದವನು. ಇಷ್ಟು ವಿವೇಕ ಮರುದಿನ ಬರುತ್ತದೆ. ಆ ರಾತ್ರಿ ನಾನೂ ಕೂಗಿದೆ.

ಸೋತವರ ಬೆಳಗು

ಬೆಳಗಾಗುವ ಮುಂಚೆ ಹೊರಗಿನ ರೈಡರ್ ಬ್ಯಾಗು ಹೆಗಲಿಗೇರಿಸಿ ಮಂಗಳೂರಿನ ಬಸ್ ಹತ್ತಿದ. ಚೆನ್ನಾಗಿ ಆಡಿದ್ದ, ಬೆಸ್ಟ್ ರೈಡರ್ ಕಪ್ಪೂ ಸಿಕ್ಕಿತ್ತು. ಅವನಿಗೆ ನಮ್ಮ ಸೋಲು ಅಲ್ಲಿಗೇ ಮುಗಿಯಿತು. ವೈರಿಂಗ್ ಹುಡುಗನಿಗೆ ಶುರುವಾದದ್ದೇ ಆಗ. ಬೆಳಿಗ್ಗೆ ಹಾಲಿನ ಡೇರಿಯಲ್ಲಿ ಕೇಳಿದರು, ಮೀನು ಮಾರುವವಳು ಬುಟ್ಟಿ ಇಳಿಸುತ್ತ ಕೇಳಿದಳು, ಫ್ಯಾನ್ ರಿಪೇರಿಗೆ ಹೋದ ಮನೆಯ ಅಜ್ಜ ಕೇಳಿದರು. ಮೊದಲು ಮಾಡಿದ ತಪ್ಪುಗಳಿಗೆ ಅಷ್ಟು ಮನೆಗಳಲ್ಲೂ ಉತ್ತರ ಕೊಟ್ಟ. ಕೊನೆಯ ಸೂಪರ್ ಟ್ಯಾಕಲಿಗೆ ಅಷ್ಟು ಮನೆಗಳಲ್ಲೂ ಚಾ ಕುಡಿದ.

ಹೊರಗಿನವರನ್ನು ಕರೆಸುವುದರ ಬಗ್ಗೆ ಊರಿನಲ್ಲಿ ಎರಡು ಪಕ್ಷ. ಕರೆಸದಿದ್ದರೆ ಮೊದಲ ಸುತ್ತಿನಲ್ಲೇ ಸೋಲು, ಸೋತ ತಂಡಕ್ಕೆ ಚಂದಾ ಯಾರು ಕೊಡುತ್ತಾರೆ ಎನ್ನುವುದು ಒಂದು. ಕರೆಸಿದರೆ ನಮ್ಮ ಹುಡುಗರು ಬೆಂಚಿನ ಮೇಲೆಯೇ ಮುದುಕರಾಗುತ್ತಾರೆ ಎನ್ನುವುದು ಇನ್ನೊಂದು. ಎರಡೂ ನಿಜ. ಅದಕ್ಕೇ ಕೆಲವು ಸಂಘಟಕರು ಪಂದ್ಯಾವಳಿಯನ್ನು ತಾಲೂಕು ಮಟ್ಟಕ್ಕೋ ಗ್ರಾಮ ಮಟ್ಟಕ್ಕೋ ಕಟ್ಟಿ, ತೂಕದ ಯಂತ್ರದ ಪಕ್ಕದಲ್ಲೇ ಆಧಾರ್ ಕಾರ್ಡನ್ನೂ ನೋಡುತ್ತಾರೆ.

ಆದರೆ ಆಧಾರ್ ಕಾರ್ಡಿನ ವಿಳಾಸ ಈ ಪ್ರಶ್ನೆಯನ್ನು ಪೂರ್ತಿ ಬಗೆಹರಿಸುವುದಿಲ್ಲ. ಹಿಂದೊಮ್ಮೆ ನಮ್ಮ ತಂಡಕ್ಕೆ ದುಡ್ಡಿಗೆ ಬಂದಿದ್ದ ಕ್ಯಾಚರ್ ಒಬ್ಬನಿದ್ದ. ಮೊದಲ ವರ್ಷ ಆಡಿ ಹೋದ. ಮರುವರ್ಷ ಬಂಡಿಹಬ್ಬಕ್ಕೆ ಪಂದ್ಯವಿಲ್ಲದಿದ್ದರೂ ಬಂದ. ಬಂದಾಗೆಲ್ಲ ಸಂಜೆ ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸರಪಳಿ ಹಿಡಿಯುವುದನ್ನು ಹೇಳಿಕೊಟ್ಟ. ಒಂದು ಸೋಲಿನ ಮರುದಿನ ಬಸ್ ಹತ್ತದೆ ಇಲ್ಲೇ ಉಳಿದು, ಚಂದಾ ಕೊಟ್ಟ ಅಂಗಡಿಯವರ ಮಾತನ್ನು ನಮ್ಮ ಹುಡುಗರ ಜೊತೆ ನಿಂತು ಕೇಳಿಸಿಕೊಂಡ. ಅಂದಿನಿಂದ ಅವನಿಗೂ ಬೈಗುಳ ಬೀಳತೊಡಗಿತು. ಅಂದರೆ ನಮ್ಮವನಾದ. ಇನ್ನೊಂದು ಕಡೆ, ಇಲ್ಲೇ ಹುಟ್ಟಿ, ಹೆಚ್ಚು ಕೊಡುವ ತಂಡಗಳಿಗೆ ಮಾತ್ರ ಆಡಿ, ಊರಿನ ಪಂದ್ಯದ ದಿನ ಫೋನ್ ಎತ್ತದವನ ಹೆಸರನ್ನು ಮೈಕಿನಲ್ಲಿ ‘ನಮ್ಮೂರಿನ ಹೆಮ್ಮೆಯ’ ಎಂದು ಕೂಗಿದಾಗ ಬದುವಿನ ಮೇಲೆ ಕುಳಿತ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಪಟ್ಟಿಯೂ ಏಣಿಯೂ ಇಲ್ಲದ ಆಟದಲ್ಲಿ ಊರಿನ ಅಭಿಮಾನಿ ಹಿಡಿದುಕೊಂಡಿರುವುದು ಇದನ್ನೇ: ಸೋತ ಮರುದಿನ ಅದೇ ಬೀದಿಯಲ್ಲಿ ಸಿಗುವವರನ್ನು. ಗೆದ್ದಾಗ ಎಲ್ಲರೂ ನಮ್ಮವರೇ, ಆಗ ಲೆಕ್ಕ ಬೇಕಿಲ್ಲ. ನಮ್ಮ ಕಡೆಯ ಬೈಗುಳವನ್ನು ಕೇಳಿ ಕೆಲವರಿಗೆ ಇದೆಂಥ ಅಭಿಮಾನ ಎನ್ನಿಸಬಹುದು. ನಾವು ದುಡ್ಡು ಕೊಟ್ಟು ಕರೆಸಿದವನಿಗೆ ಚಪ್ಪಾಳೆ ಹೊಡೆಯುತ್ತೇವೆ, ನಮ್ಮವನಿಗೆ ಬೈಯುತ್ತೇವೆ. ಮುಂದಿನ ಪಂದ್ಯದ ಚಂದಾ ಎತ್ತಲು ಹೊರಟಾಗ ಬಲ ಕಾರ್ನರಿಗೆ ಬೇರೆಯವರನ್ನು ಕರೆಸೋಣವೇ ಎಂದು ಯಾರೋ ಕೇಳಿದರು. ಅವನಿಗೆ ಎಲ್ಲರಿಗಿಂತ ಜೋರಾಗಿ ಬೈದಿದ್ದವರೇ ಮೊದಲು ಬೇಡವೆಂದರು.