ಸ್ಕಾಲರ್‌ಶಿಪ್ ಬಂತಾ ಮೋನೇ?

ಕಲಬುರಗಿಯ ಜಗತ್ ವೃತ್ತದಲ್ಲಿ ಸಂಜೆ ಹೊತ್ತು ನಿಂತರೆ ಕಾಲೇಜು ಮಕ್ಕಳ ಮಾತು ಕಿವಿಗೆ ಬೀಳುತ್ತದೆ. 'ನಿಂದು ಬಂತೇನು?' 'ಇಲ್ಲ, ಇನ್ನಾ ಪೆಂಡಿಂಗ್ ಅದ.' ಇತ್ತ ನಮ್ಮೂರಿನ ಮನೆಗಳಲ್ಲೂ ಉಮ್ಮ ಫೋನಿನಲ್ಲಿ ಕೇಳುವುದು ಅದನ್ನೇ, 'ದುಡ್ಡು ಬಂತಾ ಮೋನೇ?' ಭಾಷೆ ಬೇರೆ, ಚಿಂತೆ ಒಂದೇ.

ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಉಂಟು. ಆದರೆ ಅದು ಸೀಟು ಕೊಡಿಸುತ್ತದೆ, ಮೆಸ್ ಬಿಲ್ ಕಟ್ಟುವುದಿಲ್ಲ. ಬಿಲ್ ಕಟ್ಟಬೇಕಾದರೆ ಅಲ್ಲಿಯವರಿಗೂ ನಮ್ಮವರಿಗೂ ವಿದ್ಯಾರ್ಥಿವೇತನವೇ ಬೇಕು. ಅದು ತಡವಾದರೆ ಮೊದಲು ಸಾಲ, ಆಮೇಲೆ 'ಓದು ಬಿಡ್ತೇನೆ' ಎನ್ನುವ ಮಾತು.

ತಡವಾದಾಗ ನಾವು 'ನಮ್ಮ ನಸೀಬು' ಎಂದು ಸುಮ್ಮನಾಗುತ್ತೇವೆ. ಅದು ನಸೀಬಲ್ಲ, ಲೆಕ್ಕದ ವಿಷಯ. ಈ ಹಣಕ್ಕೆ ಬಜೆಟ್‌ನಲ್ಲಿ ಒಪ್ಪಿಗೆ ಕೊಡುವುದೇ ವಿಧಾನಮಂಡಲ. ಆದ್ದರಿಂದ ಎಷ್ಟು ಅರ್ಜಿ ಬಂತು, ಎಷ್ಟು ಹಣ ಬಿಡುಗಡೆಯಾಯಿತು, ಎಷ್ಟು ಬಾಕಿ ಎಂದು ಶಾಸಕರು ಸದನದಲ್ಲಿ ಪ್ರಶ್ನೆ ಕೇಳಬಹುದು. ಸಚಿವರು ಉತ್ತರ ಕೊಡಬೇಕು. ಹಿಂದುಳಿದ ವರ್ಗಗಳು ಮತ್ತು ಅಲ್ಪಸಂಖ್ಯಾತರ ಕಲ್ಯಾಣಕ್ಕೆಂದೇ ವಿಧಾನಮಂಡಲದ ಸಮಿತಿಯಿದೆ. ಮಹಾಲೇಖಪಾಲರ ವರದಿಯನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪರಿಶೀಲಿಸುತ್ತದೆ.

ಒಂದು ಪ್ರಶ್ನೆಯಿಂದ ಏನಾಗುತ್ತದೆ ಎನ್ನುತ್ತೀರಾ? ಪಿಎಚ್‌.ಡಿ. ಮಾಡುವ ಅಲ್ಪಸಂಖ್ಯಾತರ ಮಕ್ಕಳಿಗೆ ಕೇಂದ್ರ ಸರಕಾರ ಕೊಡುತ್ತಿದ್ದ ಮೌಲಾನಾ ಆಝಾದ್ ಫೆಲೋಶಿಪ್ ನೆನಪಿರಬಹುದು. 2022-23ರಿಂದ ಅದನ್ನು ನಿಲ್ಲಿಸಿದ್ದನ್ನು ಮತ್ತು ಅದಕ್ಕೆ ಕೊಟ್ಟ ಕಾರಣವನ್ನು ಸಚಿವೆ ಸ್ಮೃತಿ ಇರಾನಿ ಲೋಕಸಭೆಯಲ್ಲಿ ತಿಳಿಸಿದ್ದು 2022ರ ಡಿಸೆಂಬರ್‌ನಲ್ಲಿ, ಕೇರಳದ ಸಂಸದ ಟಿ.ಎನ್. ಪ್ರತಾಪನ್ ಕೇಳಿದ ಪ್ರಶ್ನೆಗೆ. ಆ ಉತ್ತರದಿಂದ ಫೆಲೋಶಿಪ್ ಉಳಿಯಲಿಲ್ಲ, ನಿಜ. ಆದರೆ ನಿರ್ಧಾರ ಕಡತದಿಂದ ಬೆಳಕಿಗೆ ಬಂತು, ದೇಶದಾದ್ಯಂತ ಚರ್ಚೆಯಾಯಿತು.

ಹಾಗಾದರೆ ನಾವು ಮಾಡಬೇಕಾದದ್ದೇನು? ಅರ್ಜಿ ಸಂಖ್ಯೆ ಬರೆದಿಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿ. ಕಾಲೇಜಿನಲ್ಲಿ ಪರಿಶೀಲನೆ ಮುಗಿದಿದೆಯೇ ಕೇಳಿ. ಇಷ್ಟೆಲ್ಲ ಸರಿಯಿದ್ದೂ ಹಣ ಬಾರದಿದ್ದರೆ ಜಿಲ್ಲಾ ಅಲ್ಪಸಂಖ್ಯಾತರ ಕಲ್ಯಾಣ ಕಚೇರಿಗೆ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒಬ್ಬೊಬ್ಬರೇ ಅಲೆಯುವ ಬದಲು ಜಮಾಅತಿನ ಹತ್ತು ಮಕ್ಕಳ ಬಾಕಿಯ ವಿವರವನ್ನು ಒಂದೇ ಹಾಳೆಯಲ್ಲಿ ಬರೆದು ಅಧಿವೇಶನಕ್ಕೆ ಮುಂಚೆ ಶಾಸಕರ ಕೈಗಿಡಿ.

ಮದುವೆಗೆ, ಉದ್ಘಾಟನೆಗೆ ಶಾಸಕರನ್ನು ಕರೆಯುತ್ತೇವೆ. ಈ ಹಾಳೆಯನ್ನೂ ಒಮ್ಮೆ ಕೊಟ್ಟು ನೋಡೋಣ.